ಅರ್ಧ ಲಾನು, ಪೂರ್ತಿ ಶಾವಿಗೆ

ಗೆಳೆಯರೇ, ಇಂಡಿ ಪಟ್ಟಣದ ನಮ್ಮ ಮನೆಯ ಸುತ್ತ ಲಾನು ಹಾಸುವ ಕೆಲಸ ಇವತ್ತು ಅರ್ಧಕ್ಕೇ ನಿಂತಿತು. "ಕಲ್ಲು ಕೀಳೋಣ, ಹುಲ್ಲು ಹಾಸೋಣ" ಎಂದು ಪ್ರಾಸ ಕಟ್ಟಿ ಹೆಂಡತಿಯನ್ನು ಒಪ್ಪಿಸಿದ್ದವನು ನಾನೇ.

ಅರ್ಧ ಅಂಗಳ ಹಸಿರಾಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಮಾಬೂಬಿ, ಹಸಿ ಶಾವಿಗೆ ಜೋತುಬಿದ್ದ ಕೋಲು ಹಿಡಿದು ಗೇಟಿಗೆ ಬಂದರು. ಅವರ ಮನೆಗೆ ಅಂಗಳವಿಲ್ಲ. ಪ್ರತಿ ಬೇಸಿಗೆಯಲ್ಲೂ ಅವರ ಶಾವಿಗೆ ಒಣಗುವುದು ನಮ್ಮ ಕಾದ ಹಾಸುಗಲ್ಲಿನ ಮೇಲೆ, ಹಳೇ ಸೀರೆ ಹಾಸಿ.

ಹುಲ್ಲು ನೋಡಿ ಅವರ ಮುಖ ಸಣ್ಣದಾಯಿತು. "ಇರ್ಲಿ ಬಿಡ್ರಿ ಸರ. ಮಗಳು ನಾಳೆ ಗಂಡನ ಮನಿಗೆ ಹೊಂಟಾಳ, ಶಾವಿಗಿ ಇಲ್ದನ ಹೋಗ್ತಾಳ."

ಒಳಗಿನಿಂದ ಹೆಂಡತಿ ಓಡಿಬಂದಳು. "ಏ ಮಾಬೂಬಿ, ನಿಂದರ! ಬರೇ ಕೈಲೆ ಮಗಳ್ನ ಕಳಸ್ತಿ ಏನ?" ಆಮೇಲೆ ಕೆಲಸದವರ ಕಡೆ ತಿರುಗಿ, "ಉಳದ ಕಲ್ಲು ಮುಟ್ಟಬ್ಯಾಡ್ರಿ" ಎಂದಳು.

ಗುತ್ತಿಗೆದಾರ ನನ್ನತ್ತ ನೋಡಿದ. "ಸರ, ಡಿಸೈನ್ ಕೆಡ್ತೈತ್ರಿ."

"ಕೆಡ್ಲಿ. ಶಾವಿಗಿ ಕೆಡಬಾರ್ದು" ಎಂದಳು ಹೆಂಡತಿ. ನಾನು ಪ್ರಾಸ ಹುಡುಕುವಷ್ಟರಲ್ಲಿ ಸೀರೆ ಹಾಸಿಯಾಗಿತ್ತು.

ಸಂಜೆಗೆ ಶಾವಿಗೆ ಗರಿಗರಿಯಾಗಿ ಡಬ್ಬಿ ಸೇರಿತು. ಮಿಕ್ಕ ಹುಲ್ಲಿನ ಸುರುಳಿಗಳನ್ನು ಗೇಟಿನ ಹೊರಗಿಟ್ಟೆವು. ನನ್ನ ವಿನ್ಯಾಸವನ್ನು ಮನಸಾರೆ ಮೆಚ್ಚಿದ್ದು ಎದುರು ಮನೆಯ ಎಮ್ಮೆ ಮಾತ್ರ. ಅದು ಆಗಲೇ ಎರಡು ಸುರುಳಿ ತಿಂದು ಮುಗಿಸಿದೆ.