ತಂಗಿಯ ಬಾಯಲ್ಲಿ ಅಮ್ಮನ ಹಾಡು

ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಸೋದರತ್ತೆಗೆ ಮಕ್ಕಳಿರಲಿಲ್ಲ. ಕೈಗೊಂದು ಆಸರೆ ಬೇಕೆಂದು ಅಣ್ಣನ ಹಿರಿಮಗಳನ್ನು ಕರೆತಂದಳು. ಹಳ್ಳಿಯ ಮನೆ, ಕೊಟ್ಟಿಗೆ, ಅಂಬೆಗಾಲಿಡುವ ತಂಗಿ ಎಲ್ಲವನ್ನೂ ಬಿಟ್ಟು ಬಂದ ಹುಡುಗಿ ಅಲ್ಲೇ ಕತ್ತರಿ ಹಿಡಿದಳು. ಅತ್ತೆಯ ನಂತರ ಅಂಗಡಿಯನ್ನೂ ಹಿಡಿದಳು. ಬೀದಿಗೆಲ್ಲ ಅವಳು ಟೈಲರಕ್ಕ.

ತಂಗಿ ಬೆಳೆದದ್ದು ಅಮ್ಮನ ಮಡಿಲಲ್ಲಿ. ಅಮ್ಮ ತೀರಿಕೊಂಡ ಮೇಲೆ ಪೇಟೆಗೆ ಬಂದವಳು, ಹುಟ್ಟಿದ ಮನೆ ಬಿಟ್ಟು ಹೊರಡುವ ಹುಡುಗಿಯ ಹಳೆಯ ಹಾಡೊಂದನ್ನು ಹಾಡಿ ಹೆಸರು ಮಾಡಿದಳು. ರೇಡಿಯೊದಲ್ಲಿ ಅದು ಬಂದರೆ ಗಿರಾಕಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಟೈಲರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆ ಬಿಟ್ಟವಳು ತಾನು, ಚಪ್ಪಾಳೆ ಅವಳಿಗೆ!

ದೊಡ್ಡ ಸಭಾಂಗಣದಲ್ಲಿ ಹಾಡಲು ಕರೆ ಬಂದಾಗ ತಂಗಿ ಹೊಸ ರವಿಕೆಗೆ ಬಟ್ಟೆ ತಂದುಕೊಟ್ಟಳು. ಟೈಲರಕ್ಕ ಅಳತೆ ಸರಿಯಾಗಿಯೇ ತೆಗೆದಳು. ಕತ್ತರಿಸುವಾಗ ಮಾತ್ರ ಬೇಕೆಂದೇ ಎದೆಯ ಹತ್ತಿರ ಬಿಗಿ ಮಾಡಿದಳು.

"ಅಕ್ಕಾ, ಉಸಿರೇ ಆಡ್ತಿಲ್ಲ ಕಣೆ," ಎಂದಳು ತಂಗಿ, ತೊಟ್ಟು ನೋಡಿ.

"ನೀನೇ ಊದಿದ್ದೀಯ. ಹೊಗಳಿಕೆ ತಿಂದೂ ತಿಂದೂ."

ತಂಗಿ ನಕ್ಕಳು. ಅಕ್ಕನ ಮುಖ ನೋಡಿ ನಗು ನಿಂತಿತು. "ನನ್ನ ಮೇಲೆ ಯಾಕಿಷ್ಟು ಸಿಟ್ಟು?"

"ಅಮ್ಮ ನಿನಗೆ ಹಾಡು ಕಲಿಸಿದ್ಲು. ನನಗೆ ಬಟ್ಟೆ ಗಂಟು ಕಟ್ಟಿ ಕಳಿಸಿದ್ಲು."

"ನನಗೆಲ್ಲಿ ಕಲಿಸಿದ್ಲು? ಅಮ್ಮ ಹಾಲು ಕರೀತಾ, ನೀನು ಹೋದ ದಾರಿ ನೋಡ್ಕೊಂಡು ಇದನ್ನ ಹಾಡೋಳು. ನಾನು ಪಕ್ಕದಲ್ಲೇ ಇರ್ತಿದ್ದೆ, ಕಣ್ಣಿಗೇ ಬೀಳ್ತಿರಲಿಲ್ಲ. ನನ್ನನ್ನ ಕರೆಯೋಕೆ ಹೋದ್ರೂ ಬಾಯಿಗೆ ಬರ್ತಿದ್ದಿದ್ದು ನಿನ್ನ ಹೆಸರೇ. ನಿನ್ನ ಕಂಡ್ರೆ ನನಗೆಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ?"

ಟೈಲರಕ್ಕ ಕತ್ತರಿ ಕೈಗೆತ್ತಿಕೊಂಡಳು. "ಬಿಚ್ಚಿ ಕೊಡು, ಸಡಿಲ ಮಾಡ್ತೀನಿ," ಎಂದಷ್ಟೇ ಹೇಳಿದಳು.

ಸಭೆಯ ದಿನ ಮುಂದಿನ ಸಾಲಿನಲ್ಲಿ ಕೂತಳು. ತಂಗಿ ದನಿ ಎತ್ತಿದಳು.

"ಹಿತ್ತಲ ಬಾಗಿಲೆ, ಮೆಲ್ಲಗೆ ಮುಚ್ಚೆ,
ಅವ್ವ ಎದ್ದಾಳು ನಾ ಹೋಗುವಾಗ..."

ಇದು ತನಗಾಗಿ ಅಮ್ಮ ಹಾಡಿದ್ದು ಎಂದು ನೆನೆದು ಟೈಲರಕ್ಕನ ಎದೆ ತುಂಬಿತು. ಆದರೂ ಕಿಚ್ಚು ಆರಲಿಲ್ಲ. ಹಾಡು ತನ್ನದಾದರೇನು, ಅದನ್ನು ಅಮ್ಮನ ದನಿಯಲ್ಲಿ ಕೇಳಿದ ಕಿವಿ ತಂಗಿಯದು.

ಮನೆಗೆ ನಡೆಯುತ್ತಾ ಕೇಳಿಯೇಬಿಟ್ಟಳು. "ಅಮ್ಮನೂ ಹೀಗೇ ಹಾಡ್ತಿದ್ಲಾ?"

"ಅಯ್ಯೋ, ಇಲ್ಲ ಕಣೆ. ಅಮ್ಮನಿಗೆ ಶ್ರುತಿಯೇ ಇರಲಿಲ್ಲ. ಹಸು ಸಹಿಸಿಕೊಳ್ತಿತ್ತು, ಅಷ್ಟೆ."

"ಹಾಗಿದ್ರೆ ಹಾಗೇ ಹಾಡು. ನಾನೂ ಕೇಳ್ಬೇಕು."

ಚಪ್ಪಾಳೆ ಗಿಟ್ಟಿಸಿ ಬಂದ ಗಾಯಕಿ ನಡುಬೀದಿಯಲ್ಲಿ ನಿಂತು ಅಪಸ್ವರದಲ್ಲಿ ಹಾಡಿದಳು. ಟೈಲರಕ್ಕ ಅವಳ ಕೈ ಹಿಡಿದು, ಒಂದಕ್ಷರ ಬಿಡದೆ ಕೇಳಿದಳು.