ಪಲ್ಪರ್ ಶೆಡ್ಡಿನ ಬಿಯರು

ಇವತ್ತು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಯಾರೋ ಪ್ರವಾಸಿಗಳು ಬಿಯರ್ ಬಾಟಲಿ ಒಡೆದುಹಾಕಿ ಹೋಗಿದ್ದರು. ಶನಿವಾರ ಬಂತೆಂದರೆ ಮೂಡಿಗೆರೆ ಕಡೆಗೆ ಹೊರಟ ಕಾರುಗಳು ನಮ್ಮ ತೋಟದ ಪಕ್ಕ ನಿಲ್ಲುತ್ತವೆ. ಇಳಿದವರು ಕಾಫಿ ಗಿಡವನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುವಾಗ ಏನಾದರೊಂದು ಬಿಟ್ಟು ಹೋಗುತ್ತಾರೆ. ಹಸುವಿನ ಕಾಲಿಗೆ ಚುಚ್ಚೀತೆಂದು ಗಾಜು ಆಯಲು ಕೂತೆ. ಒದ್ದೆ ಮಣ್ಣಿನಿಂದ ವಾಸನೆ ಏಳುತ್ತಿತ್ತು. ಇನ್ನೊಬ್ಬರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಬಗ್ಗಿ ಮೂಸಿ, 'ಥೂ, ಎಂಥ ಸಪ್ಪೆ ಮಾಲು ಇದು, ಕಾಳಿನ ಪರಿಮಳವೇ ಇಲ್ಲವಲ್ಲ' ಎಂದುಕೊಂಡೆ.

ಆಶ್ಚರ್ಯಪಡಬೇಡಿ. ನಾನು ಮನೆಯಲ್ಲಿ ಬಿಯರ್ ಮಾಡುವ ಹೆಂಗಸು. ಕುತ್ತಿಗೆಯಲ್ಲಿ ಲಿಂಗ ಕಟ್ಟಿದ ಮನೆಯ ಸೊಸೆ, ಗೋಣಿಬೀಡಿನಲ್ಲಿ ಗೊಬ್ಬರ, ಸ್ಪ್ರೇ ಪಂಪು ಮಾರುವ ನಮ್ಮ ಸಣ್ಣ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು. ಮಗಳ ಸ್ಕೂಲ್ ವ್ಯಾನು, ಆಳುಗಳ ಚಹ, ಕೆಟ್ಟು ನಿಂತ ಮೋಟಾರು ಎಲ್ಲ ನೋಡಿಕೊಂಡು, ನಡುವೆ ಸಿಕ್ಕಿದ ಸಂದಿಯಲ್ಲಿ ಈ ಕೆಲಸ. ನಮ್ಮ ಮನೆಯವರು ಇದನ್ನು ಮೊದಮೊದಲು 'ನಿನ್ನ ಹುಚ್ಚು' ಅನ್ನುತ್ತಿದ್ದರು. ಈಗ 'ನಿನ್ನ ಕೆಲಸ' ಅನ್ನುತ್ತಾರೆ. ಆ ಬದಲಾವಣೆ ಸುಮ್ಮನೆ ಬಂದದ್ದಲ್ಲ.

ಶುರುವಾದದ್ದು ಕಳಸದಲ್ಲಿ. ನಮ್ಮವರ ಸ್ನೇಹಿತರೊಬ್ಬರು ಅಲ್ಲಿ ತೋಟ ಮಾಡಿದ್ದಾರೆ. ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಊಟಕ್ಕೆ ಮೊದಲು ತಾವೇ ಮಾಡಿದ ಬಿಯರನ್ನು ತಂದಿಟ್ಟು ಅದರ ವಿಧಾನ ವಿವರಿಸತೊಡಗಿದರು. ರಾಕೆಟ್ಟು ಹಾರಿಸಿದವರ ಗತ್ತು ಅವರದು. ಕಾಳು ನೆನೆಹಾಕಬೇಕಂತೆ, ಮೊಳಕೆ ಬರಿಸಬೇಕಂತೆ, ಒಣಗಿಸಬೇಕಂತೆ, ಹದವಾಗಿ ಹುರಿದು ತರಿತರಿಯಾಗಿ ಒಡೆಯಬೇಕಂತೆ, ಬೆಚ್ಚಗಿನ ನೀರಿನಲ್ಲಿ ಸಿಹಿ ಬಿಡುವವರೆಗೆ ಇಡಬೇಕಂತೆ. ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇದರಲ್ಲಿ ಅರ್ಧಕ್ಕರ್ಧ ಮಗುವಿಗೆ ರಾಗಿ ಸರಿ ಮಾಡುವ ವಿದ್ಯೆ! ಮಗಳು ಹುಟ್ಟಿದಾಗ ಅತ್ತೆ ನನಗೆ ಕಲಿಸಿದ್ದು ಅದನ್ನೇ. ಅವರು ಕೊಟ್ಟ ಲೋಟದಿಂದ ಒಂದು ಗುಟುಕು ಕುಡಿದೆ. ಕಹಿ, ಅದರ ಹಿಂದೆ ಸುಟ್ಟ ರೊಟ್ಟಿಯ ವಾಸನೆ, ಅದರ ಹಿಂದೆ ಎಲ್ಲೋ ಒಂದು ಸಣ್ಣ ಸಿಹಿ. ವಾಪಸು ಬರುವಾಗ ಜೀಪಿನಲ್ಲಿ, "ನಾನೂ ಮಾಡ್ತೀನಿ" ಅಂದೆ. ನಮ್ಮವರು ಗೇರ್ ಬದಲಿಸುತ್ತಾ, "ಏನು, ಸಾರಾ?" ಅಂದರು.

ನೀವೂ ನಗಬಹುದು, ಮೊದಲ ಸಲ ಮಾಡಿದ್ದನ್ನು ಹಸು ಕೂಡ ಮುಟ್ಟಲಿಲ್ಲ. ಎರಡನೇ ಸಲ ಮಾಡಿದ್ದು ವಿನಿಗರ್ ಆಯಿತು, ಉಪ್ಪಿನಕಾಯಿಗೆ ಹೋಯಿತು. ಕಹಿಗೆ ಹಾಕುವ ಹಾಪ್ಸ್ ಎಂಬ ಒಣಹೂವನ್ನೂ ಬಾರ್ಲಿಯನ್ನೂ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದೆ. ರಾಗಿ ಮನೆಯದು. ನಮ್ಮ ಕಾಫಿ ಗಿಡಗಳ ನಡುವೆ ಬೆಳೆವ ಕಿತ್ತಳೆಯ ಸಿಪ್ಪೆ ಒಣಗಿಸಿ ಸ್ವಲ್ಪ ಸೇರಿಸಿದೆ. ಆಮೇಲೆ ಒಂದು ದಿನ, ಅಂಗಡಿಯಿಂದ ಬಂದು ಸೀರೆ ಕೂಡ ಬದಲಿಸದೆ ಬಾಟಲಿ ತೆಗೆದು ಲೋಟಕ್ಕೆ ಸುರಿದರೆ, ನೊರೆ ಎದ್ದು ನಿಂತಿತು. ಕುಡಿದೆ. ಚೆನ್ನಾಗಿತ್ತು. ಬಿಸಿಲಲ್ಲಿ ಒಣಗಿದ ಕಣದ ವಾಸನೆ, ಕಿತ್ತಳೆಯ ಒಗರು. ಯಾರಿಗೂ ಹೇಳಲಿಲ್ಲ. ಪಲ್ಪರ್ ಶೆಡ್ಡಿನ ಕಟ್ಟೆಯ ಮೇಲೆ ಒಬ್ಬಳೇ ಕೂತು ಲೋಟ ಮುಗಿಸಿದೆ.

ಪಲ್ಪರ್ ಶೆಡ್ಡು ಅಂದೆನಲ್ಲ, ಅದು ಹಣ್ಣು ಕಾಫಿಯ ಸಿಪ್ಪೆ ಬಿಡಿಸುವ ಯಂತ್ರವಿದ್ದ ಜಾಗ. ಈಗ ನಾವು ಹಣ್ಣನ್ನು ಹಾಗೇ ಒಣಗಿಸಿ ಮಾರುವುದರಿಂದ ಯಂತ್ರ ಮೂಲೆ ಸೇರಿದೆ. ಅಡುಗೆಮನೆಯಿಂದ ನನ್ನನ್ನು ಅಲ್ಲಿಗೆ ಓಡಿಸಿದ್ದು ಅತ್ತೆ. "ನಾನು ಪೂಜೆಗೆ ನೀರು ಇಡೋ ಒಲೆ ಇದು. ಇದರ ಮೇಲೆ ಹೆಂಡ ಕುದಿಸೋ ಹಾಗಿಲ್ಲ" ಎಂದರು. ಸರಿ, ಹಂಡೆ ಹೊತ್ತುಕೊಂಡು ಶೆಡ್ಡಿಗೆ ಹೋದೆ. ಸೋಮವಾರ ಮಾಡಕೂಡದು ಎಂದರು, ಒಪ್ಪಿದೆ. ಶಿವರಾತ್ರಿಗೆ ಮನೆಯಲ್ಲಿ ಒಂದು ಬಾಟಲಿಯೂ ಇರಕೂಡದು ಎಂದರು, ಅದನ್ನೂ ಒಪ್ಪಿದೆ. "ಮಾಡಲೇಬಾರದು" ಎಂದಾಗ ಮಾತ್ರ, "ಆಗಲ್ಲ ಅತ್ತೆ" ಎಂದೆ. ಅವರು ಮೂರು ಗಂಡು ಮಕ್ಕಳನ್ನು ಬೆಳೆಸಿ, ಗಂಡ ಹೋದ ಮೇಲೆ ತೋಟ ನಡೆಸಿದ ಹೆಂಗಸು. ಆ ಮಾತು ಅವರಿಗೆ ಹೇಳಿದವರು ಅಷ್ಟರವರೆಗೆ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಆದರೆ ಒಂದು ವಿಷಯದಲ್ಲಿ ಅವರು ಸುಮ್ಮನಿರಲಾರದೆ ಹೋದರು. ನಾನು ಕಟ್ಟಿದ ರಾಗಿ ಮೊಳಕೆ ನೋಡಿ ಅವರಿಗೆ ಹೊಟ್ಟೆ ಉರಿಯಿತು. "ಇದೇನೇ ಹುಡುಗಿ, ಅರ್ಧ ಕಾಳು ಎದ್ದೇ ಇಲ್ಲ, ಉಳಿದರ್ಧ ಗಡ್ಡ ಬಿಟ್ಟಿದೆ! ಬಟ್ಟೆ ಇಷ್ಟು ಬಿಗಿದು ಕಟ್ತಾರಾ?" ಎಂದು ಬೈದು, ಮುಂದಿನ ಸಲ ತಾವೇ ಕಟ್ಟಿಟ್ಟರು. ಆಮೇಲೆ ಪ್ರತಿಸಲವೂ ಅವರೇ. "ನೀನು ಏನ್ ಪಾಪಾನಾದ್ರೂ ಮಾಡ್ಕೋ, ರಾಗಿ ಹಾಳು ಮಾಡ್ಬೇಡ" ಅನ್ನುತ್ತಿದ್ದರು. ಬಿಯರನ್ನು ಕೊನೆಯವರೆಗೂ ಅವರು ಮುಟ್ಟಲಿಲ್ಲ, ಮೆಚ್ಚಲೂ ಇಲ್ಲ.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ನಮ್ಮವರ ಅಣ್ಣ, ಚಿಕ್ಕಮಗಳೂರಲ್ಲಿ ಬಟ್ಟೆ ಅಂಗಡಿ. ಅವರ ಮಗಳು ವೇದಾ, ಅಲ್ಲಿಯೇ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಅವಳಿಗೆ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ನೋಡಲು ಲಕ್ಷಣವಾಗಿದ್ದ. ವೇದಾ ಅವನೊಡನೆ ಫೋನಿನಲ್ಲಿ ಮಾತಾಡಿದ್ದಳು, ಅವಳಿಗೆ ಇಷ್ಟವಾಗಿದ್ದ. ಹಿರಿಯರು ಇರುವ ಮನೆಯಲ್ಲೇ ಶಾಸ್ತ್ರ ಆಗಲಿ ಎಂದು ಭಾವ ಗಂಡಿನ ಕಡೆಯವರನ್ನು ನಮ್ಮಲ್ಲಿಗೆ ಕರೆದುಕೊಂಡು ಬಂದರು.

ಆ ವಾರ ನಮ್ಮ ಮನೆಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಮಗಳಿಗೆ ಪರೀಕ್ಷೆ, ಅಂಗಡಿಗೆ ಗೊಬ್ಬರದ ಲೋಡು, ಮೇಲೆ ನೆಂಟರು. ಜಾಡಿಯಲ್ಲಿದ್ದ ಬಿಯರು ಥಂಡಿಗೆ ಇನ್ನೂ ಪೂರ್ತಿ ಹುದುಗಿರಲಿಲ್ಲ. ಆದರೆ ಆಮೇಲೆ ಸಮಯ ಸಿಗದು ಎಂದು ಬಾಟಲಿಗೆ ತುಂಬಿ ಮುಚ್ಚಳ ಒತ್ತಿಟ್ಟಿದ್ದೆ. ಅಷ್ಟು ದಿನ ಮೋಡ ಮುಸುಕಿದ್ದ ಆಕಾಶ ಸರಿಯಾಗಿ ಆ ದಿನವೇ ಬಿಚ್ಚಿ, ಶೆಡ್ಡಿನ ತಗಡು ಕಾದು, ಬಾಟಲಿಗಳೊಳಗೆ ಗ್ಯಾಸು ಕಟ್ಟತೊಡಗಿತು.

ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ವೇದಾ ಕಾಫಿ ಕೊಟ್ಟಿದ್ದಳು. ಹುಡುಗನ ದೊಡ್ಡಪ್ಪ ನಮ್ಮ ಕಾಫಿಯನ್ನು ಹೊಗಳುತ್ತಿದ್ದರು. ಆಗ ಶೆಡ್ಡಿನ ಕಡೆಯಿಂದ 'ಢಬ್' ಅಂತು.

"ಮಂಗ ಓಡಿಸೋಕೆ ಪಟಾಕಿ ಹೊಡೀತಾರೆ" ಎಂದರು ಭಾವ, ಒಂದು ಕ್ಷಣವೂ ತಡಮಾಡದೆ.

ಮತ್ತೆ ಢಬ್. ಆಮೇಲೆ ಗಾಜು ಚೆಲ್ಲಿದ ಸದ್ದು. ಶೆಡ್ಡಿನ ಬಾಗಿಲಲ್ಲಿ ಮಲಗಿದ್ದ ನಮ್ಮ ನಾಯಿ ಮೈತುಂಬ ನೊರೆ ಹಚ್ಚಿಕೊಂಡು ಓಡಿ ಬಂದು, ದೊಡ್ಡಪ್ಪನ ಪಕ್ಕದಲ್ಲೇ ನಿಂತು ಮೈ ಕೊಡವಿತು. ವಾಸನೆ ಜಗಲಿ ತುಂಬಿತು. ದೊಡ್ಡಪ್ಪ ಪಂಚೆ ಒರೆಸಿಕೊಳ್ಳುತ್ತಾ, "ಇದು ಪಟಾಕಿ ವಾಸನೆ ಅಲ್ವಲ್ಲ" ಎಂದರು.

ಭಾವ ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. "ಅದು... ಏನೋ ಕಷಾಯ. ಅಮ್ಮನ ಮಂಡಿನೋವಿಗೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು. "ನನ್ನ ಮಂಡಿ ಯಾಕಪ್ಪಾ ತರ್ತೀಯ ಇದಕ್ಕೆ?" ಎಂದು ಮಗನಿಗೆ ಅಂದು, ಬಂದವರ ಕಡೆ ತಿರುಗಿದರು. "ಅದು ಬಿಯರು. ನಮ್ಮ ಸೊಸೆ ಮಾಡ್ತಾಳೆ. ನನಗೆ ಇಷ್ಟವಿಲ್ಲ, ಅವಳು ಕೇಳಲ್ಲ. ಮನೇಲಿ ನಡೆಯೋದು ಇದು, ಇನ್ನು ನಿಮಗೆ ಬಿಟ್ಟದ್ದು."

ನಾಯಿ ತನ್ನ ಕಾಲು ನೆಕ್ಕುತ್ತಾ ಕೂತಿತ್ತು. ದೊಡ್ಡಪ್ಪ, "ನೀವು ಮಾಡ್ತೀರಾ ಅಮ್ಮಾ?" ಎಂದು ನನ್ನನ್ನು ಕೇಳಿದರು. "ಹೌದು, ನಾನೇ" ಎಂದೆ. ಅವರು ಎರಡನೇ ಸಲ ಕಾಫಿ ಕುಡಿಯಲಿಲ್ಲ.

ನಾಲ್ಕಾರು ದಿನದಲ್ಲಿ ಗಂಡಿನ ಕಡೆಯಿಂದ ಭಾವನಿಗೆ ಫೋನ್ ಬಂತು. ಹುಡುಗಿಯ ಬಗ್ಗೆ ಎರಡು ಮಾತಿಲ್ಲವಂತೆ. ಆದರೆ ಆ ಚಿಕ್ಕಮ್ಮ ಇನ್ನು ಮುಂದೆ ಅದನ್ನು ಮಾಡುವುದಿಲ್ಲ ಎಂದು ಹಿರಿಯರ ಮುಂದೆ ಮಾತು ಕೊಡಬೇಕಂತೆ. ನಾಲ್ಕು ಜನ ಕೇಳುತ್ತಾರಲ್ಲ ಎಂದರಂತೆ.

ಭಾವ ಅದೇ ಸಂಜೆ ಬಂದರು. "ನೋಡಮ್ಮಾ, ಒಂದು ಮಾತು. ಮಗು ಜೀವನ" ಎಂದರು. ನಾನು ಕೇಳಿದೆ, "ಭಾವಾ, ನೀವು ಕ್ಲಬ್ಬಿಗೆ ಹೋಗ್ತೀರ. ಹುಡುಗನ ಮನೆಯವರೂ ಅಲ್ಲೇ ಕುಡಿಯೋಕೆ ಕೂರೋರು ಅಂತ ನೀವೇ ಹೇಳಿದ್ರಿ. ಅವರು ಯಾರಾದ್ರೂ ಮಾತು ಕೊಡ್ತಾರಾ?"

"ಅದು ಬೇರೆ, ಇದು ಬೇರೆ."

"ಏನು ಬೇರೆ?"

"ಮನೆ ಹೆಂಗಸು ಮಾಡೋದು..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಆಮೇಲೆ ದನಿ ಇಳಿಸಿ, "ಹೋಗ್ಲಿ, ಹೋಂಸ್ಟೇಗೆ ಅಂತಾನಾದ್ರೂ ಮಾಡ್ತಿದ್ರೆ, ಬಿಸಿನೆಸ್ ಅಂತ ಹೇಳಬಹುದಿತ್ತು" ಎಂದರು.

ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ದುಡ್ಡು ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು! ಬೆಳಿಗ್ಗೆ ಎದ್ದಾಗಿನಿಂದ ನಾನು ಮಾಡುವ ಪ್ರತಿಯೊಂದು ಕೆಲಸವೂ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಅನ್ನ ಹೊಟ್ಟೆಗೆ, ಅಂಗಡಿ ಸಂಸಾರಕ್ಕೆ, ಒಗೆದ ಯೂನಿಫಾರ್ಮ್ ಸ್ಕೂಲಿಗೆ. ಯಾರಿಗೂ ಉಪಯೋಗವಿಲ್ಲದ, ನನಗೆ ಮಾತ್ರ ಖುಷಿ ಕೊಡುವ ಕೆಲಸ ಇದೊಂದೇ. ಕಾಳು ಒಡೆಯುವಾಗ, ಜಾಡಿಯ ಕೊಳವೆಯಲ್ಲಿ 'ಬುಳುಕ್' ಎಂದು ಗುಳ್ಳೆ ಏಳುವುದನ್ನು ಕೇಳುವಾಗ ನಾನು ಯಾರ ಸೊಸೆಯೂ ಅಲ್ಲ, ತಾಯಿಯೂ ಅಲ್ಲ. ಅದನ್ನು ಮಾರಿದರೆ ಅದೂ ಇನ್ನೊಂದು ಕೆಲಸವಾಗುತ್ತದೆ. ಮಾರುವುದಿಲ್ಲ, ಬಿಡುವುದೂ ಇಲ್ಲ ಎಂದೆ.

ನಮ್ಮವರು ಒಳಗೆ ಕರೆದು, "ಒಂದು ಮಾತು ಕೊಟ್ಬಿಡು ಮಾರಾಯ್ತಿ. ಆಮೇಲೆ ಶೆಡ್ಡಿಗೆ ಬಂದು ಯಾರು ನೋಡ್ತಾರೆ?" ಎಂದರು. ಒಳ್ಳೆಯ ಮನುಷ್ಯ, ಜಗಳ ಕಂಡರೆ ಆಗದು. ಅತ್ತೆ ಜಗಲಿಯಿಂದಲೇ ಕೂಗಿದರು: "ಸುಳ್ಳು ಮಾತು ಕೊಡಿಸ್ಬೇಡ ಅವಳ ಕೈಲಿ. ಬಿಡ್ತೀಯಾ, ಮಾತು ಕೊಡು. ಬಿಡಲ್ವಾ, ಕೊಡಬೇಡ."

ಆದರೆ ವೇದಾ? ಮನಸ್ಸು ಅಲ್ಲಿಯೇ ಚುಚ್ಚುತ್ತಿತ್ತು. ಮರುದಿನ ಅಂಗಡಿ ಮುಚ್ಚಿ ಬಸ್ಸು ಹತ್ತಿ ಅವಳ ಕಾಲೇಜಿಗೆ ಹೋದೆ. ಗೇಟಿನ ಪಕ್ಕದ ಕ್ಯಾಂಟೀನಿನಲ್ಲಿ ಕೂತೆವು. "ನಿನ್ನ ಅಪ್ಪನಿಗಾಗಿ ಬಿಡಲ್ಲ, ಅವರ ದೊಡ್ಡಪ್ಪನಿಗಾಗಿ ಬಿಡಲ್ಲ. ನೀನು ಕೇಳಿದ್ರೆ ಬಿಡ್ತೀನಿ. ನಿಜವಾಗ್ಲೂ ಬಿಡ್ತೀನಿ, ಹಂಡೆ ಮಾರಿಬಿಡ್ತೀನಿ" ಎಂದೆ. ಆ ಮಾತು ಹೇಳುವಾಗಲೇ, ಅವಳು 'ಸರಿ' ಎಂದುಬಿಟ್ಟರೆ ಎಂಬ ಭಯ.

ಅವಳು ಚಮಚದಿಂದ ಲೋಟದ ತಳ ಕೆರೆದಳು. ಆಮೇಲೆ ಫೋನ್ ತೆಗೆದು ನನ್ನ ಎದುರಿಗೇ ಆ ಹುಡುಗನಿಗೆ ಮಾಡಿದಳು. "ನಮ್ಮ ಚಿಕ್ಕಮ್ಮ ಮಾತು ಕೊಡಬೇಕು ಅನ್ನೋದು ನೀವು ಹೇಳಿದ್ದಾ, ನಿಮ್ಮ ಮನೆಯವರು ಹೇಳಿದ್ದಾ?" ಎಂದು ಕೇಳಿದಳು. ಆ ಕಡೆಯಿಂದ ಅವನೇನು ಹೇಳಿದನೋ ನನಗೆ ಕೇಳಿಸಲಿಲ್ಲ. ವೇದಾ, "ಅದು ಸರಿ, ನಿಮಗೆ ಏನನ್ನಿಸುತ್ತೆ?" ಎಂದಳು. ಕಾದಳು. "ಇಲ್ಲ, ಮನೆಯವರು ಹೇಳಿದ್ದು ಗೊತ್ತಾಯ್ತು. ನಿಮಗೆ?" ಎಂದಳು ಮತ್ತೆ. ಇನ್ನೂ ಸ್ವಲ್ಪ ಕಾದು, "ಆಯ್ತು" ಎಂದು ಫೋನ್ ಕೆಳಗಿಟ್ಟಳು.

"ಮಾಡ್ಕೊಳ್ಳಿ ಚಿಕ್ಕಮ್ಮ ನಿಮ್ಮ ಬಿಯರು. ಇವತ್ತು ನಿಮ್ಮದು ಬಿಡು ಅಂದೋರು ನಾಳೆ ನನ್ನದು ಯಾವುದನ್ನ ಬಿಡು ಅಂತಾರೋ" ಎಂದಳು. ಹೇಳಿ ಅತ್ತಳು. ಇಷ್ಟಪಟ್ಟಿದ್ದಳಲ್ಲ. ನಾನು ಅವಳ ಬೆನ್ನು ಸವರುತ್ತಾ ಕೂತೆ. ಆ ಸಂಬಂಧ ಅಲ್ಲಿಗೇ ಮುರಿಯಿತು. ಅವಳು ಅತ್ತದ್ದಕ್ಕೆ ಕಾರಣ ಬಿಯರಲ್ಲ, ಆ ಹುಡುಗನ ಮೌನ. ಇದನ್ನು ಭಾವನಿಗೆ ಅರ್ಥ ಮಾಡಿಸಲು ನನ್ನಿಂದಾಗಲಿಲ್ಲ. ಅವರು ನನ್ನ ಜೊತೆ ಮಾತು ಬಿಟ್ಟರು. ಮದುವೆ, ಮುಂಜಿಗಳಲ್ಲಿ ಹೆಂಗಸರು ನನ್ನನ್ನು ಕಂಡು ಪಿಸುಗುಟ್ಟಿದರು. ಅದರಲ್ಲಿ ಒಬ್ಬಿಬ್ಬರು ಆಮೇಲೆ ಒಬ್ಬೊಬ್ಬರಾಗಿ ಬಂದು, 'ಅದು ಹೇಗೆ ಮಾಡೋದು?' ಎಂದು ಕೇಳಿದ್ದೂ ಉಂಟು. ಅತ್ತೆ ಮಾತ್ರ ಮುಂದಿನ ಮಂಗಳವಾರ ಎಂದಿನ ಹಾಗೆ ರಾಗಿ ನೆನೆಹಾಕಿದರು.

ಅತ್ತೆ ತೀರಿಹೋಗಿ ಎರಡು ಮಳೆಗಾಲ ಕಳೆಯಿತು. ಒಂದೇ ಮನೆಯಲ್ಲಿ ಅಷ್ಟು ವರ್ಷ ನನ್ನನ್ನು ಒಪ್ಪದೆಯೇ, ನನ್ನ ಬಗ್ಗೆ ಒಂದು ಸುಳ್ಳೂ ಹೇಳದೆ ಬದುಕಿದರು. ಒಪ್ಪಿಗೆಗಿಂತ ಅದು ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಇವತ್ತು ಗಾಜು ಆಯ್ದು ಒಳಗೆ ಬರುತ್ತಲೇ, ಅತ್ತೆ ಹೋದ ಮೇಲೆ ಮತ್ತೆ ಮಾತಾಡತೊಡಗಿದ್ದ ಭಾವನ ಫೋನ್. ವಸ್ತಾರೆ ಕಡೆಯವರು ಭಾನುವಾರ ವೇದಾಳನ್ನು ನೋಡಲು ಬರುತ್ತಾರಂತೆ, ನಮ್ಮ ಮನೆಗೇ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ, "ಆ ಶೆಡ್ಡಿನ ಸಾಮಾನು ಒಂದು ದಿನದ ಮಟ್ಟಿಗೆ..." ಎಂದರು.

"ಇಲ್ಲ ಭಾವಾ" ಎಂದೆ.

ಆಮೇಲೆ ವೇದಾಳಿಗೆ ಫೋನ್ ಮಾಡಿ ನನ್ನ ಯೋಚನೆ ಹೇಳಿದೆ. "ಮಾಡಿ ಚಿಕ್ಕಮ್ಮ. ಬರೋರು ತಿಳ್ಕೊಂಡೇ ಬರಲಿ" ಎಂದು ಹುಡುಗನ ತಾಯಿಯ ನಂಬರ್ ಕಳಿಸಿದಳು. ನಾನು ಅಂಗಡಿಗೆ ಹೊರಡುವ ಮೊದಲೇ ಆ ತಾಯಿಗೆ ಫೋನ್ ಮಾಡಿದೆ.

"ನಮಸ್ಕಾರ, ನಾನು ಹುಡುಗಿಯ ಚಿಕ್ಕಮ್ಮ. ಭಾನುವಾರ ಬರ್ತೀರಂತೆ, ಸಂತೋಷ. ಆದ್ರೆ ಮೊದಲೇ ಒಂದು ವಿಷಯ ಹೇಳಬೇಕು. ನಾನು ಮನೇಲಿ ಬಿಯರ್ ಮಾಡ್ತೀನಿ. ನಿಮಗೆ ಕಷ್ಟ ಅನ್ನಿಸಿದ್ರೆ ಈಗಲೇ ಹೇಳಿಬಿಡಿ."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು. "ಮಾರೋಕಾ?" ಎಂದರು ಆಕೆ.

"ಅಲ್ಲ. ನನಗೋಸ್ಕರ."

ಇನ್ನೊಂದು ಸಲ ಕುಕ್ಕರ್ ಕೂಗಿತು. "ಹನ್ನೊಂದಕ್ಕೆಲ್ಲ ಬಂದುಬಿಡ್ತೀವಿ" ಎಂದು ಆಕೆ ಫೋನ್ ಇಟ್ಟರು.

ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಭಾನುವಾರ ತಿಳಿಯುತ್ತದೆ. ಆದರೆ ಇಷ್ಟು ವರ್ಷ ಯಾರಾದರೂ ಕೇಳಿದರೆ ಮಾತ್ರ ಹೌದು ಅನ್ನುತ್ತಿದ್ದವಳು, ಇವತ್ತು ಕೇಳುವ ಮೊದಲೇ ಹೇಳಿದೆ. ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟಾಗ ಬೆನ್ನು ತಾನಾಗಿ ನೆಟ್ಟಗಾಯಿತು.