ರೂತಮ್ಮ ಅಂದು ಹಾಡಿರಲಿಲ್ಲ

ಗೆಳೆಯರೇ, ಇಂದು ಗಡಹಿಂಗ್ಲಜದ ನಮ್ಮ ಚರ್ಚಿನಲ್ಲಿ ಪ್ರಸಂಗ ಮಾಡುತ್ತ ಒಂದು ನಿಜಕಥೆ ಹೇಳಿದೆ. "ಮಗಳನ್ನು ಮಣ್ಣು ಮಾಡಿದ ವಾರವೇ ಒಬ್ಬ ತಾಯಿ ಇಲ್ಲಿಗೆ ಬಂದು ಹಾಡಿದಳು. ವಿಶ್ವಾಸವೆಂದರೆ ಅದು!" ಹೆಸರು ಹೇಳಲಿಲ್ಲ. ಆದರೂ ಎಲ್ಲರೂ ರೂತಮ್ಮನತ್ತ ತಿರುಗಿದರು.

ಆಕೆ ಎದ್ದು ನಿಂತಳು. "ಅವತ್ತ ನಾ ಹಾಡಿಲ್ರಿ ಪಾಸ್ಟರ್. ಬರೇ ಬಾಯಿ ಆಡಿಸೇನಿ. ಮನ್ಯಾಗ ಆಕಿ ಚಪ್ಪಲ್ ನೋಡಾಕ ಆಗಲಿಲ್ಲ, ಅದಕ್ಕ ಬಂದಿದ್ದೆ. ಒಬ್ಬರರ ನನ್ನ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ, ನಾನೂ. ಆಕೆ ಹೊರಟುಹೋದಳು. ನಾನು ಹಿಂದೆ ಓಡಬೇಕಿತ್ತು. ಆಶೀರ್ವಾದ ಹೇಳಿ ಆರಾಧನೆ ಮುಗಿಸಿದೆ.

ಬಾಗಿಲಲ್ಲಿ ಹಿರಿಯರೊಬ್ಬರು ಕೈಕುಲುಕಿದರು: "ಪ್ರಸಂಗ ಲಯ್ ಭಾರಿ ಆತ್ರಿ! ವಾಟ್ಸಾಪ್ ಗ್ರೂಪಿಗೆ ಹಾಕ್ರಿ."

ನನ್ನ ನೋಟುಬುಕ್ಕಿನಲ್ಲಿ ಇಂಥ ಕಥೆಗಳು ಇನ್ನೂ ಇವೆ. ಒಂದನ್ನೂ ಆಯಾ ಮನುಷ್ಯರ ಬಾಯಿಂದ ಕೇಳಿಲ್ಲ.